ಟ್ಯಾಂಕಿನ ಪಾದಧೂಳಿ

ಹೊಸ ಅಂಗಿಗೆ ಕೆಸರು ಮೆತ್ತಿಕೊಂಡು ಬಂದ ಹುಡುಗನಿಗೆ ಮನೆಯಲ್ಲಿ ಎಂತಹ ಸನ್ಮಾನ ಕಾದಿರುತ್ತದೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. ಆದರೆ ಐವತ್ತು ದಾಟಿದ ಗೃಹಸ್ಥನೊಬ್ಬನು ಭಾನುವಾರದ ಬೆಳಗ್ಗೆ ಕಿಟಕಿಯ ಬಳಿ ಕುಳಿತು, ಆರು ವಾರ ಕಷ್ಟಪಟ್ಟು ಕಟ್ಟಿದ ಅಚ್ಚುಕಟ್ಟಾದ ವಸ್ತುವೊಂದಕ್ಕೆ ತನ್ನ ಕೈಯಾರೆ ಕೆಸರು ಬಳಿಯುತ್ತಿದ್ದರೆ ಅವನಿಗೆ ಯಾವ ಶಿಕ್ಷೆಯನ್ನು ವಿಧಿಸಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಆದ್ದರಿಂದ ನನ್ನ ಶ್ರೀಮತಿ ಈ ವಿಷಯದಲ್ಲಿ ಬಹುಕಾಲ ತೀರ್ಪನ್ನು ಕಾದಿರಿಸಿದ್ದಳು. ಒಂದು ದಿನ ಮಾತ್ರ, ಕಾಫಿಯ ಲೋಟವನ್ನಿಡಲು ಮೇಜಿನ ಮೇಲೆ ಜಾಗ ಸಿಗದೆ, ನಿಂತಲ್ಲಿಂದಲೇ ಕೇಳಿದಳು:

“ಮನೆಯ ಧೂಳು ಹೊಡೆಯಿರಿ ಎಂದರೆ ಸೊಂಟನೋವು ಎನ್ನುತ್ತೀರಿ. ಇದಕ್ಕೆ ಧೂಳು ಹಾಕುವಾಗ ಮಾತ್ರ ಸೊಂಟ ಸರಿಯಾಗಿರುತ್ತದೆಯೋ?”

ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಅಂದು ಉತ್ತರ ಕೊಡಲಾಗಲಿಲ್ಲ. ಇಂದು ಕೊಡಲು ಪ್ರಯತ್ನಿಸುತ್ತೇನೆ.

ನನ್ನ ಹವ್ಯಾಸ ಯುದ್ಧದ ಟ್ಯಾಂಕುಗಳ ಕಿರುಮಾದರಿಗಳನ್ನು ಕಟ್ಟುವುದು. ಪೆಟ್ಟಿಗೆಯೊಳಗೆ ಪ್ಲಾಸ್ಟಿಕ್ಕಿನ ನೂರಾರು ತುಣುಕುಗಳು, ಗೊಂಚಲಿನ ಕಾಯಿಗಳಂತೆ ಕಡ್ಡಿಗಳಿಗೆ ಅಂಟಿಕೊಂಡು ಬರುತ್ತವೆ. ಅವನ್ನು ಒಂದೊಂದಾಗಿ ಕತ್ತರಿಸಿ, ಉಪ್ಪುಕಾಗದದಿಂದ ಉಜ್ಜಿ, ಅಂಟುಹಾಕಿ ಜೋಡಿಸಬೇಕು. ಅಳತೆ ನಿಜವಾದ ಟ್ಯಾಂಕಿನ 35ರಲ್ಲಿ ಒಂದು ಪಾಲು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತೆಂದು ಕೇಳುವವರುಂಟು. ಜಪಾನಿನ ತಮಿಯಾ ಕಂಪನಿಯವರು 1960ರ ದಶಕದ ಆರಂಭದಲ್ಲಿ ಪ್ಯಾಂಥರ್ ಎಂಬ ಜರ್ಮನ್ ಟ್ಯಾಂಕಿನ ಮಾದರಿಯನ್ನು ತಂದರು. ಅದರ ಹೊಟ್ಟೆಯೊಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಯಬೇಕಾಗಿತ್ತು. ಬ್ಯಾಟರಿಗೆ ಒಪ್ಪುವಂತೆ ಗೊತ್ತುಮಾಡಿದ ಗಾತ್ರವೇ ಮುಂದೆ ಲೋಕಕ್ಕೆಲ್ಲ ಅಳತೆಗೋಲಾಯಿತು. ಈ ಪ್ರಮಾಣದಲ್ಲಿ ಮನುಷ್ಯನು 5 ಸೆಂಟಿಮೀಟರಿನಷ್ಟಾಗುತ್ತಾನೆ. ಫಿರಂಗಿಯೂ ಸೇರಿ 9 ಮೀಟರ್ ಉದ್ದವಿರುವ ಟಿ-55 ಟ್ಯಾಂಕು ಒಂದು ಗೇಣಿಗಿಂತ ಸ್ವಲ್ಪ ಹೆಚ್ಚಾಗುತ್ತದೆ.

ಕಟ್ಟಿ ಮುಗಿಸಿ ಹಸಿರು ಬಣ್ಣ ಬಳಿದಾಗ ಅದು ನೋಡಲು ಸೊಗಸಾಗಿಯೇ ಇರುತ್ತದೆ. ಆದರೆ ಆಟದ ಸಾಮಾನಿನಂತೆ ಇರುತ್ತದೆ. ಕಣ್ಣು ಅದನ್ನು ನಂಬುವುದಿಲ್ಲ. 36 ಟನ್ ತೂಕದ ಯಂತ್ರವೊಂದು ಹೊಲ ಗದ್ದೆ ಹಳ್ಳಗಳಲ್ಲಿ ನಡೆದ ಮೇಲೆ ಮದುವಣಿಗನಂತೆ ಉಳಿಯುವುದು ಸಾಧ್ಯವೇ? ಆದ್ದರಿಂದಲೇ ಈ ಹವ್ಯಾಸದಲ್ಲಿ ಕೊಳೆಮಾಡುವುದೂ ಒಂದು ವಿದ್ಯೆ. ಬೆಲ್ಜಿಯಮಿನ ಫ್ರಾಂಸ್ವಾ ವರ್ಲಿಂಡೆನ್ ಮೊದಲಾದವರು ಇದರಲ್ಲಿ ದೊಡ್ಡ ಹೆಸರು ಮಾಡಿದ್ದಾರೆ. ಮೈಮೇಲಿನ ಕೊಳೆಯನ್ನು ಯಾರಾದರೂ ಸುಮಾರಾಗಿ ಮಾಡಿಯಾರು. ನಿಜವಾದ ಪರೀಕ್ಷೆ ಇರುವುದು ಕಾಲಿನಲ್ಲಿ, ಎಂದರೆ ಟ್ರ್ಯಾಕ್ ಎಂದು ಕರೆಯುವ ಉಕ್ಕಿನ ಸರಪಳಿಯಲ್ಲಿ.

ಟ್ಯಾಂಕು ತನ್ನ ರಸ್ತೆಯನ್ನು ತಾನೇ ಹೊತ್ತು ತಿರುಗುವ ಪ್ರಾಣಿ. ಮುಂದೆ ಹಾಸಿಕೊಂಡು, ಅದರ ಮೇಲೆ ನಡೆದು, ಹಿಂದಿನಿಂದ ಎತ್ತಿ ಮತ್ತೆ ಮುಂದಕ್ಕೆ ಹಾಕಿಕೊಳ್ಳುತ್ತದೆ. ಟಿ-55ರ ಒಂದೊಂದು ಪಕ್ಕದಲ್ಲಿ ಸುಮಾರು 90 ಕೊಂಡಿಗಳು ಕೀಲಿನಿಂದ ಕೀಲಿಗೆ ಹೆಣೆದುಕೊಂಡಿರುತ್ತವೆ. ಅಗಲ 58 ಸೆಂಟಿಮೀಟರ್, ಉದ್ದ 12 ಮೀಟರಿಗೂ ಮಿಕ್ಕು, ತೂಕ ಒಂದು ಟನ್ನಿಗೂ ಹೆಚ್ಚು. ಹಿಂಭಾಗದಲ್ಲಿರುವ ಹಲ್ಲುಗಾಲಿ ಅದನ್ನು ಎಳೆಯುತ್ತದೆ. ಐದು ದೊಡ್ಡ ಗಾಲಿಗಳು ಅದರ ಮೇಲೆ ಉರುಳುತ್ತವೆ. ಕೆಲವು ಟ್ಯಾಂಕುಗಳಲ್ಲಿ ಸರಪಳಿಯ ಮೇಲಿನ ಪಾಲನ್ನು ಎತ್ತಿಹಿಡಿಯುವ ಚಿಕ್ಕ ಉರುಳೆಗಳಿರುತ್ತವೆ, ಟಿ-55ರಲ್ಲಿ ಅವಿಲ್ಲ. ಆದ್ದರಿಂದ ಸರಪಳಿ ತನ್ನ ಭಾರಕ್ಕೆ ತಾನೇ ಜೋತು ಗಾಲಿಗಳ ನೆತ್ತಿಯ ಮೇಲೆ ಒರಗುತ್ತದೆ. ಮಾದರಿಯಲ್ಲಿ ಈ ಜೋಲು ಇಲ್ಲದಿದ್ದರೆ ಬಲ್ಲವರು ಬಾಗಿಲಲ್ಲಿ ನಿಂತೇ ತಪ್ಪು ಹಿಡಿಯುತ್ತಾರೆ.

ನಾನು ಮೊದಲು ಕಟ್ಟಿದ ಟಿ-55 ನನ್ನ ಸೋದರಮಾವನಿಗಾಗಿ. ಅವರು ಸೈನ್ಯದಲ್ಲಿ ಇದೇ ಟ್ಯಾಂಕಿನ ಚಾಲಕರಾಗಿದ್ದವರು. 1971ರ ಡಿಸೆಂಬರಿನಲ್ಲಿ, ಇಪ್ಪತ್ತಮೂರರ ಪ್ರಾಯದಲ್ಲಿ, ಜಮ್ಮು ಪ್ರಾಂತದ ಛಂಬ್ ರಣರಂಗದಲ್ಲಿದ್ದರು. ನಿವೃತ್ತರಾದ ಮೇಲೆ ಹಾಸನದಲ್ಲಿ ಮನೆ ಕಟ್ಟಿಕೊಂಡು, ತೆಂಗಿನಕಾಯಿ, ಮೊಮ್ಮಕ್ಕಳು, ರಕ್ತದೊತ್ತಡದ ಮಾತ್ರೆಗಳ ನಡುವೆ ಕಾಲ ಕಳೆಯುತ್ತಿದ್ದರು. ಯುದ್ಧದ ಮಾತನ್ನು ಎತ್ತಿದವರೇ ಅಲ್ಲ. ಬಾಲ್ಯದಲ್ಲಿ ನಾವು ಪೀಡಿಸಿದರೆ, “ಬಹಳ ಚಳಿ ಇತ್ತು ಕಣ್ರೋ” ಎಂದು ಮುಗಿಸಿಬಿಡುತ್ತಿದ್ದರು. 2018ರಲ್ಲಿ ಅವರ ಎಪ್ಪತ್ತನೆಯ ವರ್ಷದ ಭೀಮರಥ ಶಾಂತಿ ಗೊತ್ತಾಯಿತು. ಎಲ್ಲರೂ ಶಾಲು ಪಂಚೆಗಳನ್ನು ಕೊಡುವಾಗ ನಾನು ಟ್ಯಾಂಕನ್ನೇ ಕೊಡಬೇಕೆಂದು ನಿಶ್ಚಯಿಸಿದೆ.

ಆರು ವಾರ ದುಡಿದೆ. ಸರಪಳಿಯ ವಿಷಯದಲ್ಲಿ ವಿಶೇಷ ಶ್ರದ್ಧೆ ವಹಿಸಿದೆ. ಹಳೆಯ ಕಬ್ಬಿಣವೆಂದರೆ ತುಕ್ಕು ತಾನೆ? ಕಂದು ಬಣ್ಣದ ಮೇಲೆ ಕಿತ್ತಳೆ, ಅದರ ಮೇಲೆ ಹಳದಿ. ಅಲ್ಲಲ್ಲಿ, ಹಬ್ಬದ ದಿನ ಹೊಸ್ತಿಲಿಗೆ ಬಳಿಯುವ ಕೆಮ್ಮಣ್ಣನ್ನೇ ನುಣ್ಣಗೆ ಅರೆದು ಉದುರಿಸಿದೆ. ನಮ್ಮ ಬೆಂಗಳೂರಿನ ಹಿತ್ತಲ ಕೆಂಪು ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ ಗಾಲಿಗಳ ಸಂದಿಗೆ ತುಂಬಿದೆ. ಮುಗಿದಾಗ ಸರಪಳಿ ಸಂಜೆಯ ಬಿಸಿಲಿನಲ್ಲಿ ಕೆಂಡದಂತೆ ಕಂಗೊಳಿಸಿತು. ನೋಡಿದ ಸ್ನೇಹಿತರೆಲ್ಲ ಭೇಷ್ ಎಂದರು. ಫೋಟೋ ತೆಗೆದರು. ನಾನು ಉಬ್ಬಿದೆ.

ಶಾಂತಿಯ ದಿನ, ಊಟ ಮುಗಿದು ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿನಲ್ಲಿ, ಗಾಜಿನ ಪೆಟ್ಟಿಗೆಯನ್ನು ಮಾವನ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡರು. ಪೆಟ್ಟಿಗೆಯ ಮುಚ್ಚಳ ತೆಗೆದು ಟ್ಯಾಂಕನ್ನು ಎರಡು ಕೈಗಳಲ್ಲಿ ಎತ್ತಿಕೊಂಡರು. ಎಲ್ಲರೂ ಮೊದಲು ಫಿರಂಗಿಯನ್ನು ನೋಡುತ್ತಾರೆ. ಅವರು ಚಾಲಕನ ಮುಚ್ಚಳವನ್ನು ಬೆರಳಿನಿಂದ ಮುಟ್ಟಿದರು. ಎಲ್ಲರೂ ಮೇಲಿನಿಂದ ನೋಡುತ್ತಾರೆ. ಅವರು ಅದನ್ನು ಮಗುಚಿ ಅಂಗಾಲು ನೋಡಿದರು. ಬಹಳ ಹೊತ್ತು ನೋಡಿದರು.

“ಚೆನ್ನಾಗಿ ಮಾಡಿದ್ದೀಯ ಕಣೋ” ಎಂದರು. ಮತ್ತೆ ಸ್ವಲ್ಪ ತಡೆದು, “ಆದರೆ ಇದು ಓಡುವ ಗಾಡಿಯಲ್ಲ” ಎಂದರು.

“ಏಕೆ ಮಾವ?” ಎಂದೆ. ಅವರು ಉತ್ತರ ಕೊಡಲಿಲ್ಲ. ಟ್ಯಾಂಕನ್ನು ತೆಗೆದುಕೊಂಡು ಹೋಗಿ ತಮ್ಮ ಕೋಣೆಯ ಬೀರುವಿನಲ್ಲಿಟ್ಟು ಬಾಗಿಲು ಹಾಕಿದರು. ಅತ್ತೆ ನನ್ನ ಮುಖ ನೋಡಿ, “ಅವರ ಸ್ವಭಾವ ನಿನಗೆ ಗೊತ್ತಲ್ಲ, ಇನ್ನೊಂದು ಚಿರೋಟಿ ಹಾಕಲೇ?” ಎಂದರು.

ಚಿರೋಟಿಯಿಂದ ಪರಿಹಾರವಾಗುವ ದುಃಖವಲ್ಲ ಅದು. ಮಾರನೆಯ ದಿನ ಹಾಸನದಿಂದ ರೈಲಿನಲ್ಲಿ ಹಿಂದಿರುಗುವಾಗಲೂ ಆ ಮಾತೇ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಯಾವುದೋ ನಿಲ್ದಾಣದಲ್ಲಿ ಗಾಡಿ ನಿಂತಿತು. ಬೇಸರದಿಂದ ಕಿಟಕಿಯ ಹೊರಗೆ ನೋಡುತ್ತಿದ್ದೆ. ಪಕ್ಕದ ಹಳಿ, ರೈಲುಗಳು ದಿನವೂ ಓಡಾಡುವ ಹಳಿ, ಪಕ್ಕೆಗಳಲ್ಲಿ ಕಂದಾಗಿತ್ತು. ಆದರೆ ನೆತ್ತಿ ಬೆಳ್ಳಿಯ ತಂತಿಯಂತೆ ಹೊಳೆಯುತ್ತಿತ್ತು. ಅದರಾಚೆ ಇನ್ನೊಂದು ಹಳಿ. ಬಹುದಿನಗಳಿಂದ ಬಳಕೆ ತಪ್ಪಿದ್ದು, ಹುಲ್ಲು ಬೆಳೆದದ್ದು. ಅದು ನೆತ್ತಿಯಿಂದ ಪಾದದವರೆಗೂ ಒಂದೇ ಸಮನೆ ಕೆಂಪಾಗಿತ್ತು.

ಮಾವನ ಮಾತು ನನಗೆ ಆಗ ಅರ್ಧ ಅರ್ಥವಾಯಿತು. ನಾನು ಅವರಿಗೆ ಕೊಟ್ಟದ್ದು ಎರಡನೆಯ ಹಳಿ!

ಅಂದಿನಿಂದ ಕಬ್ಬಿಣ ನೆಲವನ್ನು ಮುಟ್ಟುವ ಎಡೆಯಲ್ಲೆಲ್ಲ ನನ್ನ ಕಣ್ಣು ಬೀಳತೊಡಗಿತು. ಎತ್ತಿನ ಗಾಡಿಯ ಚಕ್ರಕ್ಕೆ ಬಿಗಿದ ಕಬ್ಬಿಣದ ಪಟ್ಟಿಯನ್ನು ನೋಡಿ: ನೆಲ ತಾಕುವ ಮುಖ ಕನ್ನಡಿ, ಪಕ್ಕದ ಅಂಚು ಮಸಿ. ಉಳುವ ಕಾಲದಲ್ಲಿ ನೇಗಿಲಿನ ಗುಳ ಹೊಳೆಯುತ್ತದೆ. ಅಟ್ಟ ಸೇರಿದ ನೇಗಿಲಿನ ಗುಳಕ್ಕೆ ತುಕ್ಕು ಹತ್ತುತ್ತದೆ. ನಮ್ಮ ಬೀದಿಯ ಕೊನೆಯಲ್ಲಿ ಹೊಸ ಮನೆಯೊಂದಕ್ಕೆ ಪಾಯ ತೋಡಲು ಸರಪಳಿಯ ಮೇಲೆ ನಡೆಯುವ ಯಂತ್ರವೊಂದು ಬಂದಿತ್ತು. ಜನ ಅದನ್ನು ಹಿಟಾಚಿ ಎಂದೇ ಕರೆಯುತ್ತಾರೆ. ಕಚೇರಿಗೆ ಹೋಗುವ ಮುನ್ನ ಅರ್ಧ ಗಂಟೆ ಅದರ ಮುಂದೆ ಮೊಣಕಾಲೂರಿ ಕುಳಿತು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ಮೂರನೆಯ ದಿನ ಮೇಸ್ತ್ರಿ ಬಂದು, “ಸ್ವಾಮಿ, ತಾವು ಕಾರ್ಪೊರೇಷನ್ನಿನವರೋ?” ಎಂದು ವಿನಯದಿಂದ ವಿಚಾರಿಸಿದ. ಅಲ್ಲವೆಂದು ತಿಳಿದ ಮೇಲೆ ಅಷ್ಟು ವಿನಯ ಉಳಿಯಲಿಲ್ಲ.

ಕಲಿತದ್ದು ಇಷ್ಟು. ಸರಪಳಿಯ ಬಣ್ಣವೆಂದರೆ ಒಂದು ಬಣ್ಣವಲ್ಲ. ಅದು ಕೆಲಸದ ದಾಖಲೆ. ಎಲ್ಲಿ ಉಕ್ಕಿಗೆ ಉಕ್ಕು ತಾಗುವುದೋ, ಎಲ್ಲಿ ಉಕ್ಕಿಗೆ ಕಲ್ಲು ತಾಗುವುದೋ, ಅಲ್ಲಿ ಹೊಳಪು. ಎಲ್ಲಿ ಏನೂ ತಾಗುವುದಿಲ್ಲವೋ ಅಲ್ಲಿ ಮಣ್ಣು. ಎಲ್ಲಿ ಬಹುಕಾಲ ಏನೂ ನಡೆದಿಲ್ಲವೋ ಅಲ್ಲಿ ತುಕ್ಕು. ಟಿ-55ರ ಸರಪಳಿ ಮ್ಯಾಂಗನೀಸ್ ಸೇರಿದ ಉಕ್ಕಿನದು. ಈ ಉಕ್ಕನ್ನು 1882ರಲ್ಲಿ ಇಂಗ್ಲೆಂಡಿನ ರಾಬರ್ಟ್ ಹ್ಯಾಡ್‌ಫೀಲ್ಡ್ ಕಂಡುಹಿಡಿದನು. ನೂರಕ್ಕೆ ಸುಮಾರು 12 ಪಾಲು ಮ್ಯಾಂಗನೀಸ್ ಬೆರೆತ ಈ ಉಕ್ಕಿನ ಗುಣವೇ ಸೋಜಿಗದ್ದು. ಬಡಿದಷ್ಟೂ ಅದರ ಮೇಲ್ಮೈ ಗಟ್ಟಿಯಾಗುತ್ತ ಹೋಗುತ್ತದೆ. ರೈಲುಹಳಿಗಳು ಒಂದನ್ನೊಂದು ದಾಟುವ, ಸದಾ ಪೆಟ್ಟು ತಿನ್ನುವ ಕೂಡುಗಳಿಗೂ ಇದನ್ನೇ ಬಳಸುತ್ತಾರೆ. ಕಷ್ಟ ಬಂದಷ್ಟೂ ಗಟ್ಟಿಯಾಗುವ ಮನುಷ್ಯರನ್ನು ಕಂಡಿದ್ದೇವೆ. ಅಂಥ ಲೋಹವೂ ಒಂದುಂಟೆಂದು ನನಗೆ ಈ ಆಟಿಕೆಯಿಂದ ತಿಳಿಯಿತು.

ಆದರೆ ಒಂದೇ ಸೂತ್ರ ಎಲ್ಲ ಟ್ಯಾಂಕಿಗೂ ಹೊಂದುವುದಿಲ್ಲ. 1965ರಲ್ಲಿ ಖೇಮಕರಣದ ಕಡೆ ನಮ್ಮವರ ಕೈಗೆ ಸಿಕ್ಕ ಪ್ಯಾಟನ್ ಟ್ಯಾಂಕುಗಳ ಹೆಸರನ್ನು ಕೇಳದವರಿಲ್ಲ. ಅದರ ಸರಪಳಿಗೆ ನೆಲ ಮುಟ್ಟುವಲ್ಲಿ ರಬ್ಬರಿನ ದಿಂಡುಗಳಿರುತ್ತವೆ. ರಬ್ಬರಿಗೆ ಬೆಳ್ಳಿಯ ಹೊಳಪು ಬಳಿದರೆ ನಗೆಗೀಡು. ತುಕ್ಕು ಬಳಿದರೆ ಇನ್ನೂ ನಗೆಗೀಡು. ಅಲ್ಲಿ ಹೊಳೆಯಬೇಕಾದದ್ದು ಕೊಂಡಿಗಳನ್ನು ಜೋಡಿಸುವ ಪಕ್ಕದ ಉಕ್ಕಿನ ತುಂಡುಗಳು ಮಾತ್ರ. ಎರಡನೆಯ ಮಹಾಯುದ್ಧದ ರಷ್ಯದ ಟಿ-34ರದು ಇನ್ನೊಂದು ಬಗೆ. ಅದರ ಕೀಲುಗಳಿಗೆ ಹೊರತುದಿಯಲ್ಲಿ ಬೀಗವಿರಲಿಲ್ಲ. ನಡೆಯುತ್ತ ನಡೆಯುತ್ತ ಕೀಲು ಒಳಮುಖವಾಗಿ ಜಾರಿ ಬಂದರೆ, ಟ್ಯಾಂಕಿನ ಪಕ್ಕೆಗೆ ಬೆಸೆದ ಉಕ್ಕಿನ ಪಟ್ಟಿಯೊಂದು ಪ್ರತಿ ಸುತ್ತಿನಲ್ಲಿಯೂ ಅದನ್ನು ತಟ್ಟಿ ಸ್ವಸ್ಥಾನಕ್ಕೆ ಕಳಿಸುತ್ತಿತ್ತು. ಆದ್ದರಿಂದ ಅಲ್ಲಿ ಕೀಲಿನ ಒಳತಲೆಯೂ ಹೊಳೆಯಬೇಕು. ಬಣ್ಣ ಬಳಿಯುವವನು ಮೊದಲು ಯಂತ್ರವನ್ನು ಅರಿಯಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎರಡನೆಯ ಟಿ-55ಅನ್ನು ಕೊಂಡು ತಂದೆ. ಈ ಸಲ ಅವಸರಪಡಲಿಲ್ಲ. ಸರಪಳಿಗೆ ಮೊದಲ ಬಣ್ಣವಾಗಿ ಕಪ್ಪನ್ನು ಹಾಕಲಿಲ್ಲ. ಇಷ್ಟು ಚಿಕ್ಕ ವಸ್ತುವಿಗೆ ಅಚ್ಚ ಕಪ್ಪು ಬಳಿದರೆ ಅದರ ಉಬ್ಬು ತಗ್ಗುಗಳೆಲ್ಲ ನುಂಗಿಹೋಗುತ್ತವೆ. ಕಂದು ಬೆರೆತ ಗಾಢ ಬೂದಿಯೇ ಸರಿ. ಅದು ಚೆನ್ನಾಗಿ ಒಣಗಿದ ಮೇಲೆ, ಎಣ್ಣೆಬಣ್ಣದ ಗಾಢ ಕಂದನ್ನು ಟರ್ಪೆಂಟೈನಿನಲ್ಲಿ ತಿಳಿಸಾರಿನಷ್ಟು ತೆಳುಮಾಡಿ ಕುಂಚದ ತುದಿಯಿಂದ ಮುಟ್ಟಿಸಿದೆ. ಅದು ತಾನಾಗಿಯೇ ಕೊಂಡಿಗಳ ಸಂದುಗಳಿಗೆ ಹರಿದು ನೆಲೆನಿಂತಿತು. ಇಲ್ಲಿ ಧಾರಾಳ ಕೂಡದು. ಟರ್ಪೆಂಟೈನ್ ಹೆಚ್ಚಾಗಿ ನಿಂತರೆ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆ. ಮೊದಲ ಸಲ ನಾಲ್ಕು ಕೊಂಡಿಗಳನ್ನು ಹೀಗೆ ಕಳೆದುಕೊಂಡಿದ್ದೆ.

ಆಮೇಲೆ ಮಣ್ಣು. ಮಾವನಿಗೆ ಫೋನು ಮಾಡಿ, “ಅಲ್ಲಿಯ ಮಣ್ಣು ಯಾವ ಬಣ್ಣದ್ದು ಮಾವ?” ಎಂದು ಕೇಳಿದೆ. ಐವತ್ತು ವರ್ಷಗಳ ಹಿಂದಿನ ಮಾತನ್ನು ಅವರು ನಿನ್ನೆ ಕಂಡಂತೆ ಹೇಳಿದರು. “ನಮ್ಮ ಕಡೆಯ ಕೆಂಪು ಅಲ್ಲ. ಒಲೆಯ ಬೂದಿಗೆ ಸ್ವಲ್ಪ ಗೋಧಿಹಿಟ್ಟು ಬೆರೆಸಿದ ಹಾಗೆ. ನದಿಯ ಹರವಿನಲ್ಲಿ ಮಣ್ಣೇ ಕಡಿಮೆ, ಬರೀ ಗುಂಡುಕಲ್ಲು. ಕಲ್ಲಿನ ಮೇಲೆ ಹೋಗುವಾಗ ಹಲ್ಲಿನಲ್ಲಿ ಹಲ್ಲು ಕಡಿದ ಹಾಗೆ ಸದ್ದು. ಸಂಜೆ ಹೊತ್ತಿಗೆ ಸರಪಳಿ ಫಳಫಳ ಹೊಳೆಯುತ್ತಿತ್ತು. ಅದಕ್ಕೇ ಹಳ್ಳದಲ್ಲಿ ಬಚ್ಚಿಟ್ಟರೆ ಮೊದಲು ಅದರ ಮೇಲೆಯೇ ಬಲೆ ಎಳೆಯುತ್ತಿದ್ದೆವು.” ಇಷ್ಟು ಮಾತನ್ನು ಯುದ್ಧದ ವಿಷಯವಾಗಿ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು.

ಹೇಳಿದಂತೆಯೇ ಪುಡಿಯನ್ನು ಬೆರೆಸಿ, ತಗ್ಗುಗಳಲ್ಲಿ ಮಾತ್ರ ತುಂಬಿ, ಒಂದೊಂದು ತೊಟ್ಟು ಟರ್ಪೆಂಟೈನ್ ಬಿಟ್ಟು ಕೂರಿಸಿದೆ. ಒಣಗಿದ ಮೇಲೆ ಉಬ್ಬುಗಳ ಮೇಲಿನದನ್ನು ಒಣ ಕುಂಚದಿಂದ ಗುಡಿಸಿದೆ. ಹಳೆಯ ಮಣ್ಣು ಬಿಳಿಚಿರಬೇಕು, ಹೊಸ ಮಣ್ಣು ಕಪ್ಪಗಿರಬೇಕು. ನದಿ ದಾಟಿ ಬಂದ ಟ್ಯಾಂಕಾದರೆ ಕೆಳಗಿನ ಕೊಂಡಿಗಳ ಸಂದಿಯಲ್ಲಿ ಒಂದಿಷ್ಟು ತೇವದ ಮಿನುಗು, ಅದಕ್ಕೆ ಒಂದೆರಡು ಹನಿ ವಾರ್ನಿಷ್ ಸಾಕು. ಸರಪಳಿಯಲ್ಲಿರುವ ಮಣ್ಣೇ ಗಾಲಿಯಲ್ಲೂ ಹೊಟ್ಟೆಯ ಅಡಿಯಲ್ಲೂ ಇರಬೇಕು. ಇಲ್ಲದಿದ್ದರೆ ಕಾಲು ಒಂದೂರಿನದು, ಮೈ ಇನ್ನೊಂದೂರಿನದು ಎಂದಾಗುತ್ತದೆ.

ಕಡೆಗೆ ಹೊಳಪು. ಇದಕ್ಕೆ ಬೆಳ್ಳಿಬಣ್ಣವನ್ನು ಮುಟ್ಟಲಿಲ್ಲ. ಮಗಳ ಚಿತ್ರಕಲೆಯ ಪೆಟ್ಟಿಗೆಯಿಂದ 6ಬಿ ಪೆನ್ಸಿಲೊಂದನ್ನು ಸಾಲ ಪಡೆದೆ. ಅದರ ಸೀಸದ ಮೆತ್ತನೆಯ ಪುಡಿಯನ್ನು ಬೆರಳಿನಿಂದ ತಿಕ್ಕಿದರೆ ಸವೆದ ಉಕ್ಕಿನ ಹೊಳಪೇ ಬರುತ್ತದೆ. ನೆಲ ಕಚ್ಚುವ ಏಣುಗಳ ಮೇಲೆ, ಹಲ್ಲುಗಾಲಿಯ ಹಲ್ಲುಗಳ ಅಂಚಿನಲ್ಲಿ, ಗಾಲಿಗಳ ಜೋಡಿಯ ನಡುವೆ ಹಾಯುವ ಕೊಂಬುಗಳ ಪಕ್ಕದಲ್ಲಿ ಪೂರ್ಣ ಹೊಳಪು. ಒಳಮುಖದಲ್ಲಿ ಗಾಲಿಗಳು ಉರುಳುವ ಎರಡು ಪಟ್ಟೆಗಳಲ್ಲಿ ಮಾತ್ರ ಮಂದ ಹೊಳಪು. ಏಕೆಂದರೆ ಟಿ-55ರ ಗಾಲಿಗಳಿಗೆ ರಬ್ಬರಿನ ಅಂಚುಂಟು, ಅದು ಉಕ್ಕನ್ನು ಉಜ್ಜುತ್ತದೆಯೇ ಹೊರತು ಕೊರೆಯುವುದಿಲ್ಲ. ಮೇಲಿನ ಪಾಲು ಜೋತು ಗಾಲಿಗಳ ಮೇಲೆ ಒರಗುವಂತೆ, ಅಂಟು ಒಣಗುವವರೆಗೂ ಹತ್ತಿಯ ಉಂಡೆಗಳನ್ನು ಒತ್ತಿಟ್ಟು ಕಾದೆ. ತುಕ್ಕನ್ನು ಎಲ್ಲಿಯೂ ಹಾಕಲಿಲ್ಲ.

ನೋಡಿದ ಸ್ನೇಹಿತರು, “ಮೊದಲಿನದೇ ಹೆಚ್ಚು ಚೆನ್ನಾಗಿತ್ತು, ಬಣ್ಣ ಎದ್ದು ಕಾಣುತ್ತಿತ್ತು” ಎಂದರು. ಈ ಸಲ ನಾನು ಕುಗ್ಗಲಿಲ್ಲ.

2019ರ ಚಳಿಗಾಲದಲ್ಲಿ ಅದನ್ನು ಹಾಸನಕ್ಕೆ ಕೊಂಡೊಯ್ದೆ. ಸಂಜೆಯ ಹೊತ್ತು. ಮಾವ ಜಗುಲಿಯ ಮೇಲೆ ಮಫ್ಲರ್ ಸುತ್ತಿಕೊಂಡು ಕುಳಿತಿದ್ದರು. ಮೊದಲಿನಂತೆಯೇ ಎತ್ತಿಕೊಂಡರು, ಮೊದಲಿನಂತೆಯೇ ಮಗುಚಿದರು. ಹೆಬ್ಬೆರಳಿನಿಂದ ಸರಪಳಿಯ ಉದ್ದಕ್ಕೂ ಮೆಲ್ಲಗೆ ಸವರಿದರು. ಬೆರಳಿಗೆ ಸೀಸದ ಮಸಿ ಹತ್ತಿತು. ಅದನ್ನು ನೋಡಿ ನಕ್ಕರು.

“ಇದು ಇವತ್ತು ಬೆಳಗ್ಗೆ ಓಡಿದ ಗಾಡಿ” ಎಂದರು.

ಒಳಗೆ ಹೋಗಿ ಬೀರುವಿನಿಂದ ಮೊದಲನೆಯದನ್ನೂ ತಂದರು. ಎರಡನ್ನೂ ಜಗುಲಿಯ ಮೇಲೆ ಅಕ್ಕಪಕ್ಕದಲ್ಲಿಟ್ಟರು. ತುಕ್ಕಿನ ಟ್ಯಾಂಕು ಸಂಜೆಯ ಬೆಳಕಿಗೆ ಕೆಂಡದಂತೆ ಕಂಡಿತು. ನನಗೆ ನಾಚಿಕೆಯಾಗಿ, “ಅದನ್ನು ಕೊಡಿ ಮಾವ, ಸರಿಮಾಡಿ ತರುತ್ತೇನೆ. ತಪ್ಪಾಗಿದೆ” ಎಂದೆ.

“ತಪ್ಪಲ್ಲವೋ” ಎಂದರು. “ಅದೂ ಸರಿಯಾಗಿಯೇ ಇದೆ. ನೀನು ಗೊತ್ತಿಲ್ಲದೆ ಮಾಡಿದೆ, ಅಷ್ಟೆ.”

ಆಮೇಲೆ ಅವರು ಹೇಳಿದ್ದನ್ನು, ನನ್ನ ಮಾತು ಸೇರಿಸದೆ, ಚಿಕ್ಕದಾಗಿ ಬರೆಯುತ್ತೇನೆ. ಮುನವ್ವರ್ ತವಿ ನದಿಯ ಹರವಿನಲ್ಲಿ ನಡೆದ ಕಾಳಗದಲ್ಲಿ ಅವರ ಟ್ಯಾಂಕಿನ ಎಡಗಡೆ ಇನ್ನೊಂದು ಟ್ಯಾಂಕಿತ್ತು. ಅದರ ಚಾಲಕ ಪಂಜಾಬಿನ ಹುಡುಗ. ಚಾಲಕರ ತರಬೇತಿಯಲ್ಲಿ ಇವರ ಜೊತೆಗಾರ. ಇವರಿಗೆ ರೊಟ್ಟಿ ತಟ್ಟುವುದನ್ನು ಅವನು ಕಲಿಸಿದ್ದ. ಅವನಿಗೆ ಕನ್ನಡದಲ್ಲಿ ಒಂದರಿಂದ ಹತ್ತು ಎಣಿಸುವುದನ್ನು ಇವರು ಕಲಿಸಿದ್ದರು. ಆ ಟ್ಯಾಂಕಿಗೆ ಏಟು ಬಿತ್ತು. ಒಳಗಿದ್ದ ನಾಲ್ವರಲ್ಲಿ ಇಬ್ಬರು ಹೊರಬಿದ್ದರು. ಚಾಲಕ ಬರಲಿಲ್ಲ. ಕತ್ತಲಲ್ಲಿ ಇವರು ತಮ್ಮ ದಡಕ್ಕೆ ಹಿಂದಿರುಗಬೇಕಾಯಿತು. ಅದು ಅಲ್ಲಿಯೇ, ಕಲ್ಲುಗಳ ನಡುವೆ, ಯಾರೂ ಹೋಗಲಾಗದ ಜಾಗದಲ್ಲಿ ನಿಂತುಬಿಟ್ಟಿತು. ಡಿಸೆಂಬರ್ 17ರಂದು ಗುಂಡಿನ ಸದ್ದು ನಿಂತ ಮೇಲೂ ಅವರು ದಿನವೂ ದುರ್ಬೀನಿನಿಂದ ಅದನ್ನು ನೋಡುತ್ತಿದ್ದರಂತೆ.

“ಮೊದಲ ದಿನ ಸರಪಳಿ ನಮ್ಮದರ ಹಾಗೆಯೇ ಹೊಳೆಯುತ್ತಿತ್ತು. ಈಗ ಹೊರಡುತ್ತದೆ, ಈಗ ಹೊರಡುತ್ತದೆ ಅನ್ನಿಸುತ್ತಿತ್ತು. ರಾತ್ರಿ ಇಬ್ಬನಿ ಬೀಳುತ್ತಿತ್ತಲ್ಲ, ನಾಲ್ಕು ದಿನಕ್ಕೆ ಹೊಳಪು ಹೋಯಿತು. ಒಂದು ವಾರಕ್ಕೆ ಪೂರ್ತಿ ಕೆಂಪಾಯಿತು. ಆವತ್ತು ನನಗೆ ನಂಬಿಕೆ ಬಂತು, ಇನ್ನು ಅವನು ಬರುವುದಿಲ್ಲ ಅಂತ.”

ಜಗುಲಿಯಲ್ಲಿ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅತ್ತೆ ದೀಪ ಹಚ್ಚಲು ಬಂದವರು ಬಾಗಿಲಲ್ಲೇ ನಿಂತಿದ್ದರು. ನಲವತ್ತಕ್ಕೂ ಹೆಚ್ಚು ವರ್ಷ ಸಂಸಾರ ಮಾಡಿದ ಅವರಿಗೂ ಈ ಸಂಗತಿ ಅಂದೇ ತಿಳಿದದ್ದು.

ಹೊರಡುವಾಗ ಮಾವ ಹೊಳೆಯುವ ಟ್ಯಾಂಕನ್ನು ನನ್ನ ಕೈಗೆ ಹಿಂದಿರುಗಿಸಿದರು. “ಓಡುವುದು ನಿನ್ನ ಹತ್ತಿರ ಇರಲಿ. ನಿಂತದ್ದು ನನ್ನ ಹತ್ತಿರ ಇರಲಿ” ಎಂದರು.

ನಾನು ಅಂದಿನವರೆಗೆ ತುಕ್ಕನ್ನು ಒಂದು ಅಲಂಕಾರವೆಂದು ತಿಳಿದಿದ್ದೆ. ಚೆಂದ ಕಾಣುತ್ತದೆಂದು ಬಳಿದಿದ್ದೆ. ಅದು ಒಬ್ಬರ ಪಾಲಿಗೆ ಮರಣದ ಸುದ್ದಿಯಾಗಿತ್ತೆಂಬುದು ನನಗೆ ಹೇಗೆ ತಿಳಿಯಬೇಕು? ತಿಳಿಯದೆ ಬಳಿದದ್ದು ತಪ್ಪಲ್ಲವೆಂದು ಮಾವ ಕ್ಷಮಿಸಿದರು. ಆದರೆ ತಿಳಿದ ಮೇಲೆ ಬೇಜವಾಬ್ದಾರಿಯಿಂದ ಬಳಿಯುವಂತಿಲ್ಲ. ಇಂದು ಯಾವುದೇ ಟ್ಯಾಂಕನ್ನು ಕೈಗೆತ್ತಿಕೊಂಡರೂ ಮೊದಲು ಕೇಳಿಕೊಳ್ಳುತ್ತೇನೆ: ಇದು ನಡೆಯುತ್ತಿರುವುದೋ, ನಿಂತದ್ದೋ? ನಿಂತಿದ್ದರೆ ಎಷ್ಟು ದಿನವಾಯಿತು? ಯಾವ ಮಣ್ಣಿನ ಮೇಲೆ? ಇವಕ್ಕೆ ಉತ್ತರ ಸಿಕ್ಕಿದ ಮೇಲೆಯೇ ಕುಂಚವನ್ನು ಬಣ್ಣಕ್ಕೆ ಅದ್ದುವುದು.

ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಕುಟುಂಬದ ಮನೆಯಾದ ‘ಸನ್ನಿ ಸೈಡ್’ 2021ರ ಫೆಬ್ರವರಿಯಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅಲ್ಲಿ ಟಿ-55 ಟ್ಯಾಂಕೊಂದನ್ನು ಇಟ್ಟಿದ್ದಾರೆಂದು ತಿಳಿದು ಮಾರನೆಯ ವರ್ಷ ಮಾವನನ್ನು ಕಾರಿನಲ್ಲಿ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅವರು ಕಾಫಿ ತೋಟಗಳನ್ನು ನೋಡುತ್ತ ಸುಮ್ಮನಿದ್ದರು. ಟ್ಯಾಂಕಿನ ಮುಂದೆ ಒಂದು ನಿಮಿಷ ಕೈಕಟ್ಟಿ ನಿಂತರು. ಆಮೇಲೆ ಪಕ್ಕಕ್ಕೆ ಬಂದು, ಮೊದಲನೆಯ ಗಾಲಿಗೂ ಎರಡನೆಯದಕ್ಕೂ ನಡುವೆ ಇರುವ ಆ ಹೆಚ್ಚಿನ ಅಂತರವನ್ನು, ಮೇಲೆ ಜೋತುಬಿದ್ದ ಸರಪಳಿಯನ್ನು ನನಗೆ ಕೈಯಿಂದ ತೋರಿಸಿದರು. ನಾನು ನೂರು ಸಲ ಚಿತ್ರಗಳಲ್ಲಿ ನೋಡಿದ್ದೇ. ಆದರೂ ಮೊದಲ ಸಲ ಕಾಣುವವನಂತೆ ನೋಡಿದೆ. ಅಂಗೈಯನ್ನು ಒಂದು ಕೊಂಡಿಯ ಮೇಲೆ ಚಪ್ಪಟೆಯಾಗಿ ಇಟ್ಟು, ತೆಗೆದು, ಅಂಗೈಯನ್ನು ನೋಡಿಕೊಂಡರು. ಅದರಲ್ಲಿ ಏನೂ ಹತ್ತಿರಲಿಲ್ಲ.

“ಓಡಿ ಬಹಳ ದಿನವಾಯಿತು ಪಾಪ” ಎಂದರು. ಟ್ಯಾಂಕನ್ನು ಕುರಿತು ಹೇಳಿದರೋ, ಬೇರೆ ಯಾರನ್ನು ಕುರಿತೋ, ನಾನು ಕೇಳಲಿಲ್ಲ.

ಇನ್ನು ನನ್ನ ಶ್ರೀಮತಿಯ ತೀರ್ಪು. ಹಾಸನದ ಜಗುಲಿಯ ಸಂಗತಿಯನ್ನು ಅವಳಿಗೆ ಹೇಳಿದ್ದೆ. ಅವಳು ಏನನ್ನೂ ಹೇಳಿರಲಿಲ್ಲ. ಕಳೆದ ಆಯುಧಪೂಜೆಗೆ ಮೊದಲು ಮನೆಯೆಲ್ಲ ಗುಡಿಸಿ ಸಾರಿಸಿ, ಪುಸ್ತಕದ ಕಪಾಟಿನ ಮೂಲೆ ಮೂಲೆಯ ಧೂಳನ್ನೂ ಬಿಡದೆ ಒರೆಸಿದಳು. ಹಬ್ಬದ ದಿನ ಸ್ಕೂಟರಿಗೆ, ಹೊಲಿಗೆಯ ಯಂತ್ರಕ್ಕೆ, ಅಡುಗೆಮನೆಯ ಈಳಿಗೆಮಣೆಗೆ ಕುಂಕುಮವಿಟ್ಟು ಹೂ ಏರಿಸಿ ಕಪಾಟಿನ ಬಳಿಗೆ ಬಂದಳು. ನಾನು ಪತ್ರಿಕೆಯ ಮರೆಯಿಂದ ನೋಡುತ್ತಿದ್ದೆ. ಕಪಾಟಿನ ಮೇಲೆ ಟಿ-55 ನಿಂತ ಜಾಗವನ್ನು ಬಿಟ್ಟು ಸುತ್ತಲೂ ಒರೆಸಿದ್ದಳು. ಟ್ಯಾಂಕಿನ ಮುಂಭಾಗದ ಹಸಿರು ತಗಡಿನ ಮೇಲೆ, ಚಾಲಕನ ಮುಚ್ಚಳದ ಹತ್ತಿರ, ಸಾಸಿವೆಯಷ್ಟು ಕುಂಕುಮವನ್ನು ಉಂಗುರ ಬೆರಳಿನ ತುದಿಯಿಂದ ಮುಟ್ಟಿಸಿದಳು. ಸರಪಳಿಯ ಧೂಳಿಗೆ ಮಾತ್ರ ಸೆರಗು ಕೂಡ ತಾಗದಂತೆ, ಇನ್ನೊಂದು ಕೈಯಿಂದ ಸೆರಗನ್ನು ಹಿಡಿದುಕೊಂಡಿದ್ದಳು.